ಭೀಮಗಡಕ್ಕೆ ಸಫಾರಿ ಒಗ್ಗುವುದೆ?

‘ಸಫಾರಿ’ ಎಂಬ ಮಾತು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯದು. ಪ್ರಯಾಣವೆಂಬುದೇ ಅದರ ಅರ್ಥ. ಅರಬ್ಬಿಯ ‘ಸಫರ್’ ಅದರ ಮೂಲವಾದ್ದರಿಂದ, ಬೆಳಗಾವಿಯ ಪೇಟೆಯಲ್ಲಿ ಉರ್ದುವನ್ನು ಕೇಳಿ ಬಲ್ಲ ನಮಗೆ ಅದು ತೀರ ಪರಕೀಯವಲ್ಲ. ಆದರೆ ಇಂದು ಆ ಮಾತು ಕಿವಿಗೆ ಬಿದ್ದೊಡನೆ ಕಣ್ಣಿಗೆ ಕಟ್ಟುವ ಚಿತ್ರ ಒಂದೇ: ತೆರೆದ ಮೋಟಾರುಗಾಡಿ, ಎಲ್ಲೆ ಕಾಣದ ಹುಲ್ಲುಗಾವಲು, ನಡುವೆ ಮೈಚಾಚಿ ಮಲಗಿದ ಸಿಂಹ. ಈ ಚಿತ್ರವನ್ನು ಮನದಲ್ಲಿಟ್ಟುಕೊಂಡೇ ನನ್ನ ವಿದ್ಯಾರ್ಥಿಯೊಬ್ಬನು ಕಳೆದ ರಜೆಯಲ್ಲಿ ಬಾಡಿಗೆಯ ಜೀಪಿನಲ್ಲಿ ಖಾನಾಪುರದಿಂದ ಹೆಮ್ಮಡಗಾ ದಾರಿ ಹಿಡಿದು ಭೀಮಗಡದ ಕಾಡನ್ನು ಹಾದುಬಂದನು. ಮಹಾಂತೇಶ ನಗರದ ನನ್ನ ಮನೆಗೆ ಬಂದು ಅವನು ಹೇಳಿದ್ದಿಷ್ಟೆ: “ಅಲ್ಲಿ ನೋಡಾಕ ಏನೂ ಇಲ್ರಿ ಸರ್, ಬರೇ ಗಿಡಾನ.” ಕಾಡಿನೊಳಗೆ ದಾರಿ ಕಡಿದು ಆಫ್ರಿಕದಂತೆ ಸಫಾರಿ ನಡೆಸಬೇಕೆಂಬುದು ಅವನ ಅಭಿಪ್ರಾಯ. ಅವನೊಬ್ಬನದೇ ಅಲ್ಲ, ಹಲವು ಹಿರಿಯರದೂ ಹೌದು.

ಅವನ ನಿರಾಶೆಗೆ ಕಾರಣ ಕಾಡಿನ ಬಡತನವಲ್ಲ, ಬೆಳಕಿನ ನೇರ ನಡೆ. ಇಂದಿನ ಟಾಂಜಾನಿಯದಲ್ಲಿರುವ ಸೆರೆಂಗೆಟಿ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ಆಗ್ನೇಯದ ಬಯಲಿನಲ್ಲಿ ಜ್ವಾಲಾಮುಖಿಯ ಬೂದಿ ನೆಲದಡಿ ಗಟ್ಟಿ ಪದರವಾಗಿ ನಿಂತಿದೆ. ಮರದ ಬೇರು ಆಳಕ್ಕಿಳಿಯದು, ಹುಲ್ಲು ಮಾತ್ರ ಬೆಳೆಯುವುದು. ಆದುದರಿಂದಲೇ ಅಲ್ಲಿ ಬಹು ದೂರದ ಪ್ರಾಣಿಯೂ ಕಾಣುತ್ತದೆ. ಭೀಮಗಡದ್ದಾದರೋ ಸಹ್ಯಾದ್ರಿಯ ಮಳೆಕಾಡು. ಒಂದು ಹೆಕ್ಟೇರಿನಲ್ಲಿ 30 ಸೆಂಟಿಮೀಟರು ದಪ್ಪದ 500 ಮರಗಳಿವೆಯೆಂದು ಊಹಿಸೋಣ. ಅನಿಲದ ಅಣುವು ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಸರಾಸರಿ ಎಷ್ಟು ದೂರ ಸಾಗುವುದೆಂದು ಲೆಕ್ಕ ಹಾಕುವ ಕ್ರಮವೇ ಇಲ್ಲಿಗೂ ಸಲ್ಲುತ್ತದೆ. ಚದರ ಮೀಟರಿಗೆ ಮರಗಳು 0.05, ಇದನ್ನು ದಪ್ಪವಾದ 0.3ರಿಂದ ಗುಣಿಸಿ, ಬಂದ 0.015ರಿಂದ 1ನ್ನು ಭಾಗಿಸಿದರೆ ಸುಮಾರು 67 ಮೀಟರು. ನಮ್ಮ ನೋಟವು ಒಂದು ಮರಕ್ಕೆ ತಾಗುವ ಮುನ್ನ ಸಾಗುವ ಸರಾಸರಿ ದೂರ ಇಷ್ಟೆ. 200 ಮೀಟರಿನಾಚೆ ನಿಂತ ಕಾಡುಕೋಣವನ್ನು ಅರಸಿ ಹೊರಟ ನೂರು ನೋಟಗಳಲ್ಲಿ ಐದು ಮಾತ್ರ ಅಲ್ಲಿಗೆ ಮುಟ್ಟಿಯಾವು. ಪೊದೆ ಬಳ್ಳಿಗಳನ್ನು ನಾನು ಎಣಿಸಿಲ್ಲ. ಎಣಿಸಿದರೆ ಆ ಐದೂ ಉಳಿಯವು. ಜೀಪಿಗೆ ಎಷ್ಟು ದಾರಿ ಮಾಡಿಕೊಟ್ಟರೂ ಈ ಭಾಗಾಕಾರ ಬದಲಾಗದು. ಬದಲಾಗಬೇಕಾದರೆ ಮರಗಳನ್ನೇ ಕಡಿಯಬೇಕು.

ಅದಲ್ಲದೆ, ಜಗತ್ತಿನ ಪ್ರಾಣಿಶಾಸ್ತ್ರಜ್ಞರು ಈ ಕಾಡನ್ನು ಬಲ್ಲುದು ಬಾರಾಪೇಡೆಯ ಗವಿಗಳಲ್ಲಿ ವಾಸಿಸುವ ಒಂದು ಬಾವಲಿಯಿಂದ. 1913ರಲ್ಲಿ ಆಲ್ಡ್‌ಫೀಲ್ಡ್ ಥಾಮಸ್ ಅದನ್ನು ಹೊಸ ಜಾತಿಯೆಂದು ವರ್ಣಿಸಿ, ಭಾರತದ ಅರಣ್ಯಾಧಿಕಾರಿಯಾಗಿದ್ದ ರಾಟನ್ನರ ಹೆಸರನ್ನು ಇಟ್ಟರು. ಮುಂದೆ ಎಂಟು ದಶಕಗಳಿಗೂ ಹೆಚ್ಚು ಕಾಲ ಈ ಗವಿಗಳಲ್ಲದೆ ಬೇರೆಲ್ಲಿಯೂ ಅದು ತಿಳಿದಿರಲಿಲ್ಲ. ಆಮೇಲೆ ಕಾಂಬೋಡಿಯದಲ್ಲಿಯೂ ಮೇಘಾಲಯದಲ್ಲಿಯೂ ಸಿಕ್ಕಿತು. ಸ್ವಾರಸ್ಯವೆಂದರೆ, ಇದೇ ಕುಲದ ಬಾವಲಿಗಳು ಕೀನ್ಯದ ಸುಸ್ವಾ ಪರ್ವತದ ಲಾವಾ ಸುರಂಗಗಳಲ್ಲಿಯೂ ಇವೆ. ಸಿಂಹವನ್ನು ಕಾಣಲು ಆ ದೇಶಕ್ಕೆ ಹೋದವರಲ್ಲಿ ಎಷ್ಟು ಮಂದಿ ಅವನ್ನು ವಿಚಾರಿಸುವರೋ ಕಾಣೆ!

ಬಾವಲಿ ತನ್ನ ಕೂಗಿನ ಮಾರ್ದನಿಯಿಂದ ಬೇಟೆಯನ್ನು ಅರಿಯುತ್ತದೆಂಬುದನ್ನು ವಾಚಕರು ಬಲ್ಲರು. ಅನೇಕ ಬಾವಲಿಗಳ ಕೂಗು ನಮಗೆ ಕೇಳಿಸದಷ್ಟು ತಾರಸ್ಥಾಯಿಯದು. ಆದರೆ ಕಂಪನ ಹೆಚ್ಚಿದಷ್ಟೂ ಗಾಳಿ ಧ್ವನಿಯನ್ನು ಬೇಗ ಹೀರಿಬಿಡುವುದು. ತೆರೆದ ಆಕಾಶದಲ್ಲಿ ವೇಗವಾಗಿ ಹಾರಿ ದೂರದ ಕೀಟವನ್ನು ಹುಡುಕುವ ಈ ಕುಲದ ಬಾವಲಿಗಳು, ಅದಕ್ಕೆ ತಕ್ಕಂತೆ, ತಗ್ಗಿನ ದನಿಯಲ್ಲಿ ಕೂಗುತ್ತವೆ. ಅದು 20 ಕಿಲೋಹರ್ಟ್ಸಿಗಿಂತ ಕೆಳಗಿನದಾದ್ದರಿಂದ ಎಳೆಯ ಕಿವಿಗೆ ಕೇಳಬಲ್ಲುದು. ದೂರದಲ್ಲಿ ಮೈಕ್ರೊಫೋನನ್ನು ಇಟ್ಟು ದಾಖಲಿಸಲೂಬಹುದು. ಗವಿಯ ಬಾಯಿಗೆ ದೀಪ ಹಿಡಿಯಬೇಕಾಗಿಲ್ಲ. ಹಿಡಿಯಲೂಬಾರದು. ಗವಿವಾಸಿ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವಂಥವು. ಜನರ ಗದ್ದಲಕ್ಕೆ ಬೆದರಿ ನೆಲೆ ಬಿಟ್ಟರೆ ಆ ನಷ್ಟ ತುಂಬಿಬರಲು ಬಹುಕಾಲ ಬೇಕು.

ಸಫಾರಿಯಿಂದ ಊರಿಗೆ ವರಮಾನ ಬರುವುದೆಂಬ ವಾದವನ್ನು ನಾನು ಹಗುರವಾಗಿ ಕಾಣುವವನಲ್ಲ. ಟಾಂಜಾನಿಯಕ್ಕೆ ಅದರಿಂದ ಬಹಳ ವಿದೇಶೀ ವಿನಿಮಯ ದೊರೆಯುತ್ತಿದೆ. ಆದರೆ ಸೆರೆಂಗೆಟಿಯ ವಿಸ್ತೀರ್ಣ ಸುಮಾರು 14,700 ಚದರ ಕಿಲೋಮೀಟರು. 2011ರಲ್ಲಿ ಅಭಯಾರಣ್ಯವಾದ ಭೀಮಗಡದ್ದು ಸುಮಾರು 190. ಗಾಡಿಗಳಿಂದ ಪ್ರಾಣಿಗಳು ದೂರ ಸರಿಯಲು ನಮ್ಮಲ್ಲಿ ಜಾಗವೆಲ್ಲಿ?

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಬಾಧಿಸುತ್ತದೆ. ಸೆರೆಂಗೆಟಿಯಲ್ಲಿ ತಲೆತಲಾಂತರದಿಂದ ದನ ಮೇಯಿಸಿಕೊಂಡಿದ್ದ ಮಸಾಯಿ ಜನರನ್ನು 1959ರಲ್ಲಿ ಅಲ್ಲಿಂದ ಹೊರಡಿಸಿ ಗೊರೊಂಗೊರೊ ಪ್ರದೇಶಕ್ಕೆ ಕಳುಹಿಸಲಾಯಿತು. ಅವರು ಬಿಟ್ಟ ನೆಲದಲ್ಲಿ ಇಂದು ಪ್ರವಾಸಿಗಳ ಗಾಡಿಗಳು ಓಡುತ್ತಿವೆ. ಭೀಮಗಡದ ಒಳಗೂ ಹಳ್ಳಿಗಳುಂಟು. ತಳೇವಾಡಿಯ ಕುಟುಂಬಗಳಿಗೆ ಪರಿಹಾರವಿತ್ತು ಹೊರಗೆ ನೆಲೆಗೊಳಿಸುವ ಕೆಲಸ 2025ರಲ್ಲಿ ಮೊದಲಾಯಿತು. ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ಹಳ್ಳ ದಾಟಬೇಕಾದ ಜನ ಒಪ್ಪಿ ಹೊರಬಂದರೆ ಅದಕ್ಕೆ ಆಕ್ಷೇಪವಿಲ್ಲ. ಆದರೆ ವನ್ಯಜೀವಿಗಳ ನೆಮ್ಮದಿಗಾಗಿ ಊರನ್ನೇ ಬಿಟ್ಟವರ ಹಿತ್ತಿಲಿನಲ್ಲಿ ನಾಳೆ ನಾವು ಮೋಜಿಗಾಗಿ ಜೀಪು ಓಡಿಸಿದರೆ, ಅವರಿಗೆ ಹೇಳುವ ಉತ್ತರ ನನ್ನಲ್ಲಂತೂ ಇಲ್ಲ. ಸಿಂಹವನ್ನು ನೋಡಲೇಬೇಕೆನ್ನುವವರಿಗೆ ಭೂತರಾಮನಹಟ್ಟಿಯ ಮೃಗಾಲಯ ನಮ್ಮೂರಿಗೆ ಸಮೀಪದಲ್ಲಿಯೇ ಇದೆ.

ವಿದ್ಯಾರ್ಥಿಗೆ ನಾನೊಂದು ಮಾತು ಕೊಟ್ಟಿದ್ದೇನೆ. ಬರುವ ಚಳಿಗಾಲದಲ್ಲಿ ಪ್ರಯೋಗಶಾಲೆಯ ಧ್ವನಿ ಆಂದೋಲಕವನ್ನು 15 ಕಿಲೋಹರ್ಟ್ಸಿಗೆ ಇಟ್ಟು ಎಲ್ಲರ ಕಿವಿಯನ್ನೂ ಪರೀಕ್ಷಿಸುವುದು. ಕೇಳಿಸಿಕೊಂಡವರನ್ನು, ಅರಣ್ಯ ಇಲಾಖೆಯ ಅನುಮತಿ ಪಡೆದು, ಒಂದು ಸಂಜೆ ಕಾಡಿನ ಅಂಚಿಗೆ ಕರೆದೊಯ್ದು ಸದ್ದಿಲ್ಲದೆ ಕೂರಿಸುವುದು. ವಯಸ್ಸಾದಂತೆ ತಾರದ ದನಿಗಳು ಮೊದಲು ಮರೆಯಾಗುತ್ತವೆ. ನನಗೆ ಮೂವತ್ತು ದಾಟಿದೆ. ಪರೀಕ್ಷೆಯಲ್ಲಿ ನಾನೇ ನಪಾಸಾಗುವ ಸಂಭವವುಂಟು.