ರವದಿಯ ಹೊದಿಕೆ

ಹಿಮ ಬೀಳುವ ದೇಶಗಳಲ್ಲಿ ಬಯಲಿನ ಎರೆಹುಳುವಿನ ಮಡಿಯನ್ನು ಚಳಿಗಾಲ ದಾಟಿಸುವುದೆಂದರೆ ಸಣ್ಣ ಸಾಹಸವೇ ಸರಿ. ನೆಲ ಹೆಪ್ಪುಗಟ್ಟುವುದಕ್ಕೆ ಮೊದಲೇ ಒಣಹುಲ್ಲನ್ನು ದಪ್ಪನಾಗಿ ಹೊದಿಸಿ, ತಿನಿಸನ್ನೆಲ್ಲ ನಡುವಿನಲ್ಲಿ ಒಟ್ಟಿ, ಅದು ಕೊಳೆಯುವಾಗ ಹುಟ್ಟುವ ಶಾಖದಿಂದಲೇ ಹುಳುಗಳು ಜೀವ ಹಿಡಿದಿರುವಂತೆ ಅಲ್ಲಿಯವರು ಏರ್ಪಾಟು ಮಾಡುತ್ತಾರೆ. ನಿಡಸೋಸಿಯ ಸುತ್ತಣ ನಮ್ಮ ಹುಕ್ಕೇರಿ, ಗೋಕಾಕ ಸೀಮೆಗೆ ಅಂಥ ಶೀತಬಾಧೆಯಿಲ್ಲ. ಮಾಗಿಯ ನಸುಕಿನಲ್ಲಿ ಉಷ್ಣಮಾನ 14 ಡಿಗ್ರಿಯ ಆಸುಪಾಸಿಗೆ ಇಳಿದರೂ ಮಧ್ಯಾಹ್ನಕ್ಕೆ ಬಿಸಿಲು ಯಥಾಪ್ರಕಾರ ಕಾಯುತ್ತದೆ. ಹಾಗಿದ್ದೂ ಮಳೆಗಾಲದಲ್ಲಿ ಹುಲುಸಾಗಿದ್ದ ಮಡಿ ಸಂಕ್ರಾಂತಿಯ ಹೊತ್ತಿಗೆ ಬರಿದಾಗಿರುವುದುಂಟು. ಆಗ ದೂರನ್ನೆಲ್ಲ ಚಳಿಯ ಮೇಲೆ ಹೊರಿಸುವುದು ನಮಗೆ ಅನುಕೂಲವಾದ ಮಾತು.

ಚಳಿಯ ಪಾಲು ಇಲ್ಲವೆಂದಲ್ಲ. ನಮ್ಮ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸಾಕುವ ಯೂಡ್ರಿಲಸ್ ಜಾತಿಯ ಹುಳು ಮೂಲತಃ ಪಶ್ಚಿಮ ಆಫ್ರಿಕದ್ದು. 25 ಡಿಗ್ರಿಯ ಸುಮಾರಿನ ಬೆಚ್ಚನೆಯಲ್ಲಿ ಲವಲವಿಕೆಯಿಂದಿರುವ ಆ ಪ್ರಾಣಿ ಚಳಿಯಲ್ಲಿ ಮಂಕಾಗಿ ಮಿತಾಹಾರಿಯಾಗುತ್ತದೆ. ಶ್ರಾವಣದಲ್ಲಿ ಹಾಕಿದಷ್ಟೇ ಹೆಂಡಿಯನ್ನು ಪುಷ್ಯದಲ್ಲಿಯೂ ಸುರಿದರೆ ಉಳಿದದ್ದು ಹುಳಿತು ನಾರುತ್ತದೆ. ಆದರೆ ಇದಕ್ಕಿಂತ ದೊಡ್ಡ ವೈರಿ ಮೂಡಣದ ಒಣಗಾಳಿ. ಎರೆಹುಳು ಉಸಿರಾಡುವುದು ತನ್ನ ತೇವದ ಚರ್ಮದಿಂದ. ಚರ್ಮ ಆರಿತೆಂದರೆ ಅದರ ಆಯುಷ್ಯವೂ ಆರಿತೆಂದೇ. ಬಿಸಿಲಿನ ಝಳವಿಲ್ಲವೆಂದು ನಾವು ನೀರನ್ನು ಮರೆಯುವ ದಿನಗಳಲ್ಲಿಯೇ ಗಾಳಿ ಮಡಿಯ ಮೇಲ್ಪದರವನ್ನು ಹೀರಿಬಿಡುತ್ತದೆ.

ಎರೆಹುಳುಗಳ ಮೇಲೆ 1881ರಲ್ಲಿ ಒಂದು ಗ್ರಂಥವನ್ನೇ ಬರೆದ ಚಾರ್ಲ್ಸ್ ಡಾರ್ವಿನ್, ಒಣಹವೆಯಲ್ಲಿಯೂ ಕೊರೆಯುವ ಚಳಿಯಲ್ಲಿಯೂ ಅವು ಭೂಮಿಯೊಳಕ್ಕೆ ಆಳವಾಗಿ ಇಳಿದುಹೋಗುತ್ತವೆಂಬುದನ್ನು ಗುರುತಿಸಿದ್ದನು. ಹೊಲದ ಹುಳುವಿಗೆ ಆ ಸ್ವಾತಂತ್ರ್ಯವಿದೆ. ಎರಡೂವರೆ ಅಡಿ ಆಳದಲ್ಲಿ ಸಿಮೆಂಟಿನ ತಳ ಹಾಕಿ ನಾವು ಕೂಡಿಹಾಕಿದ ಹುಳು ಎಲ್ಲಿಗೆ ಇಳಿಯಬೇಕು? ನೆಲದ ಆಳವನ್ನು ಕಸಿದುಕೊಂಡವನೇ ಅದಕ್ಕೆ ಬದಲಾಗಿ ಹೊದಿಕೆಯನ್ನು ಒದಗಿಸತಕ್ಕದ್ದು ನ್ಯಾಯ.

ವಿಪರ್ಯಾಸವೆಂದರೆ, ಆ ಹೊದಿಕೆಯನ್ನು ನಾವು ಅದೇ ಕಾಲದಲ್ಲಿ ಬೆಂಕಿಗೆ ಕೊಡುತ್ತಿರುತ್ತೇವೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯೇ ಮೊದಲಾದವುಗಳ ನುರಿಸುವ ಹಂಗಾಮೂ ಮಾಗಿಯೂ ಜೊತೆಜೊತೆಯಾಗಿ ಬರುವುದರಿಂದ, ಕಬ್ಬು ಕಟಾವಾದ ಹೊಲದಲ್ಲಿ ಎಕರೆಗೆ 3–4 ಟನ್ ರವದಿ, ಎಂದರೆ ಕಬ್ಬಿನ ಒಣಗರಿ, ಬಿದ್ದಿರುತ್ತದೆ. ಒಂದು ಸಂಜೆ ಕಡ್ಡಿ ಗೀರಿದರೆ ಮುಗಿಯಿತು, ಸಾರಜನಕವೂ ಸಾವಯವಾಂಶವೂ ಹೊಗೆಯಾಗಿ ಹೋಗುತ್ತವೆ. ರೈತನನ್ನು ಅಜ್ಞಾನಿಯೆಂದು ಇದಕ್ಕಾಗಿ ಜರೆಯುವವರು, ಆಳು ಸಿಗದ ಈ ದಿನಗಳಲ್ಲಿ ಕುಳೆಗೆ ಬೇಗನೆ ನೀರು ಬಿಡಬೇಕಾದವನ ಅವಸರವನ್ನು ಕಂಡವರಲ್ಲ. ಹೊಲದ ರವದಿಯನ್ನೆಲ್ಲ ಅವನು ಹೊರಲಿ ಎಂದು ನಾನು ಹೇಳುವುದೂ ಇಲ್ಲ. ಒಂದು ತೊಟ್ಟಿಗೆ ಒಂದು ಬಂಡಿ ಸಾಕು. ಬೆಂಕಿಯಿಡುವ ಮುನ್ನ ಅಷ್ಟನ್ನು ಬದುವಿಗೆ ಎಳೆಸಿಟ್ಟುಕೊಳ್ಳುವುದು ಯಾರ ಕೈಗೂ ಮೀರಿದ ಕೆಲಸವಲ್ಲ.

ಅದರಲ್ಲಿ ಅರ್ಧವನ್ನು ಗೇಣುದ್ದ ದಪ್ಪಕ್ಕೆ ಮಡಿಯ ಮೇಲೆ ಹರಡಿ, ಅದರ ಮೇಲೆ ಗೋಣಿತಾಟು ಹಾಕಬೇಕು; ನೀರನ್ನು ಇಳಿಸಂಜೆಯ ತಂಪಿನಲ್ಲಿ ಹೊಯ್ಯದೆ ಹೊತ್ತೇರಿದ ಮೇಲೆ, ಹಿಡಿ ಗೊಬ್ಬರವನ್ನು ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕುವಷ್ಟು, ಚಿಮುಕಿಸಬೇಕು. ಉಳಿದರ್ಧವನ್ನು ಕತ್ತರಿಸಿ ಸಗಣಿಯ ಬಗ್ಗಡದಲ್ಲಿ ತೋಯಿಸಿ ತಿಂಗಳುಗಟ್ಟಲೆ ಬೇರೆ ಗುಂಡಿಯಲ್ಲಿ ಕೊಳೆಸಬೇಕು, ಏಕೆಂದರೆ ಒಣ ರವದಿ ಹುಳುವಿನ ಬಾಯಿಗೆ ಒಗ್ಗುವುದಿಲ್ಲ. ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿ ಉಳಿಯುವ ಪ್ರೆಸ್‌ಮಡ್ ಸಿಕ್ಕಿದರೆ ಅದೂ ಒಳ್ಳೆಯ ತಿನಿಸೇ, ಆದರೆ ಹಸಿಯದು ಬಿಸಿಯೇರಿ ಹುಳುಗಳನ್ನು ಸುಡುವುದರಿಂದ ಪೂರ್ತಿ ಆರಿದ ಮೇಲೆಯೇ ಅದನ್ನು ಕೊಡಬೇಕು. ಕಾರ್ತಿಕದಲ್ಲಿ ಹೂಡಿದ ಮಡಿ ಚಳಿಯ ನಿಧಾನವನ್ನು ಲೆಕ್ಕಕ್ಕೆ ಹಿಡಿದರೂ ಮಾಘದೊಳಗೆ ಗೊಬ್ಬರವಾಗಿ ಕುಳೆಯ ಬುಡಕ್ಕೆ ಒದಗುತ್ತದೆ; ಆಮೇಲೆ ಬರುವ ನಮ್ಮ ನಿಜವಾದ ಪರೀಕ್ಷೆಯ ಬೇಸಗೆಗೆ, ಮೇಲೆ ಹಾಸಿದ್ದ ರವದಿಯನ್ನು ತೆಗೆದು ಚಪ್ಪರಕ್ಕೆ ಹೊದಿಸಿದರಾಯಿತು.