ಓಲೆಯ ಕಲೆ, ತಂತ್ರಾಂಶದ ತಿದ್ದುಪಡಿ

ಚೌಟ ಅರಸರು ಮೂಡುಬಿದಿರೆಗೆ ಬರುವ ಮೊದಲು ನೆಲೆಸಿದ್ದ ಪುತ್ತಿಗೆಯಿಂದ ಗುರುಬಸದಿ ದೂರವೇನಿಲ್ಲ. ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಸೀಮೆಯಿದು. 2025ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ ಜ್ಞಾನಭಾರತಂ ಯೋಜನೆಯ ಗುರಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳು. ಇಂಥ ಕೆಲಸಕ್ಕೆ ಕೈಹಾಕುವವರ ಮುಂದೆ ಸ್ಕ್ಯಾನಿಂಗ್ ತಂತ್ರಾಂಶಗಳು ಹೊಸ ಸೌಲಭ್ಯಗಳನ್ನು ಒಡ್ಡುತ್ತಿವೆ: ಅಂಚನ್ನು ತಾನೇ ಕತ್ತರಿಸುವುದು, ಕಲೆಯನ್ನು ಅಳಿಸುವುದು, ಅಕ್ಷರವನ್ನು ಗುರುತಿಸಿ ತಪ್ಪನ್ನು ತಿದ್ದುವುದು. ಕಚೇರಿಯ ಕಾಗದಕ್ಕೆ ಇವೆಲ್ಲ ಗುಣಗಳೇ. ಓಲೆಯ ವಿಷಯದಲ್ಲಿ ಬಹುಪಾಲು ದೋಷಗಳು.

ಓಲೆಯ ಅಂಚಿನಲ್ಲಿ ಗರಿಯ ಸಂಖ್ಯೆಯಿರುತ್ತದೆ. ಅಂಚು ಹೋದರೆ ಕಟ್ಟಿನ ಅನುಕ್ರಮವೇ ಹೋಯಿತು. ಕಂಠದಿಂದ ಕೊರೆದು ಮಸಿ ಸವರಿದ ಗೆರೆ ಮಾಸಿದಾಗ, ಯಂತ್ರದ ಕಣ್ಣಿಗೆ ಅದಕ್ಕೂ ಗೀರಿಗೂ ಭೇದವಿಲ್ಲ. ಹಳೆಯ ಲಿಪಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬರಹದಲ್ಲಿ ವ್ಯತ್ಯಾಸವಿಲ್ಲ. ಓದುವವನು ಛಂದಸ್ಸು, ವ್ಯಾಕರಣಗಳ ಬಲದಿಂದ ನಿರ್ಣಯಿಸಬೇಕಾದುದನ್ನು ತಂತ್ರಾಂಶ ತನ್ನ ನಿಘಂಟಿನಿಂದ ನಿರ್ಣಯಿಸಿಬಿಡುತ್ತದೆ. ಧವಲೆಯಂತೂ ಕನ್ನಡ ಲಿಪಿಯಲ್ಲಿರುವ ಪ್ರಾಕೃತ–ಸಂಸ್ಕೃತ ಗ್ರಂಥ. ಲಿಪಿಯನ್ನು ಕಂಡು ಭಾಷೆಯನ್ನು ಊಹಿಸುವ ಯಂತ್ರ ಅಲ್ಲಿನ ಪ್ರಾಕೃತ ಪದಗಳನ್ನು ಕನ್ನಡಕ್ಕೆ 'ತಿದ್ದಲು' ಹೊರಟರೆ ಆಶ್ಚರ್ಯವಿಲ್ಲ. (ಯೂನಿಕೋಡ್‌ನವರು ನಮ್ಮ ೞಕಾರಕ್ಕೆ 'ಫ' ಎಂದು ತಪ್ಪು ಹೆಸರಿಟ್ಟು, ಹೆಸರು ಬದಲಿಸಬಾರದೆಂಬ ತಮ್ಮದೇ ನಿಯಮಕ್ಕೆ ಕಟ್ಟುಬಿದ್ದು ಹಾಗೆಯೇ ಉಳಿಸಿಕೊಂಡಿದ್ದಾರೆ.)

ಒಂದು ಪದದ ಬೆಲೆಯೇನೆಂಬುದನ್ನು ಮೂಡುಬಿದಿರೆಯ ಓಲೆಗಳೇ ತೋರಿಸಿವೆ. ಹೀರಾಲಾಲ್ ಜೈನರು 1939ರಲ್ಲಿ ಧವಲಾಸಹಿತ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದಾಗ ಅವರ ಕೈಯಲ್ಲಿದ್ದುದು ಮೂಲ ಓಲೆಯಲ್ಲ, ಅದರ ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಆ ಪ್ರತಿಗಳಲ್ಲಿರಲಿಲ್ಲ. ಇಲ್ಲಿ ಆ ಪದ ಬಿಟ್ಟುಹೋಗಿರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಲಾಯಿತು, ಸೂತ್ರಪಾಠಕ್ಕೆ ಸೇರಿಸಲಿಲ್ಲ. ಸ್ತ್ರೀಮುಕ್ತಿಯ ಪ್ರಶ್ನೆಗೆ ತಾಗುವ ಪದವಾದುದರಿಂದ ದೊಡ್ಡ ವಾದವೇ ಎದ್ದಿತು. ಕೊನೆಗೆ ಮೂಡುಬಿದಿರೆಯ ಓಲೆಯನ್ನು ತೆರೆದು ನೋಡಿದಾಗ ಪದ ಅಲ್ಲಿತ್ತು.

ಊಹೆ ಸರಿಯಾಯಿತೆಂಬುದಕ್ಕಿಂತ ಅದನ್ನು ಗೆರೆಯ ಕೆಳಗೆ ಇರಿಸಿದ ಕ್ರಮ ಇಲ್ಲಿ ದೊಡ್ಡದು. ಪಾಠ ಯಾವುದು, ಸಂಪಾದಕನ ಊಹೆ ಯಾವುದು ಎಂಬುದು ಓದುಗನಿಗೆ ಕಾಣುತ್ತಿತ್ತು. ಆದ್ದರಿಂದಲೇ ವಾದಿಸಲೂ ಓಲೆಗೆ ಮರಳಿ ಪರೀಕ್ಷಿಸಲೂ ಸಾಧ್ಯವಾಯಿತು. ಇಂದಿನ ಸ್ವಯಂ ತಿದ್ದುಪಡಿಯಲ್ಲಿ ಆ ಗೆರೆಯೇ ಇಲ್ಲ. ಊಹೆ ನೇರವಾಗಿ ಪಾಠದೊಳಗೆ ಕುಳಿತುಬಿಡುತ್ತದೆ, ಗುರುತೂ ಉಳಿಯುವುದಿಲ್ಲ.

ಆದ್ದರಿಂದ ಹಸ್ತಪ್ರತಿ ಭಂಡಾರಗಳು ತಂತ್ರಾಂಶ ತಯಾರಕರಲ್ಲಿ ಕೇಳಬೇಕಾದ ಸೌಲಭ್ಯಗಳು ಬೇರೆ. ಮೊದಲ ಛಾಯಾಚಿತ್ರವನ್ನು ಯಾರೂ ಮುಟ್ಟದಂತೆ ಇಡಬೇಕು. ತಿದ್ದಿದ ಚಿತ್ರವೇನಿದ್ದರೂ ಅದರ ಪಕ್ಕದಲ್ಲಿರಲಿ. ಪ್ರತಿ ಚಿತ್ರಕ್ಕೂ ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಮುಂಬದಿ–ಹಿಂಬದಿ ಅಂಟಿಕೊಂಡಿರಬೇಕು. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತದ ತಾಡಪತ್ರೀಯ ಗ್ರಂಥಸೂಚಿಯಂಥ ಹಳೆಯ ಸೂಚಿಗಳ ಸಂಖ್ಯೆಯೂ ಅದರೊಡನೆ ಸೇರಲಿ. ಯಂತ್ರ ಓದಲಿ, ಬೇಡವೆನ್ನುವವರು ಯಾರು? ಆದರೆ ಸಂದೇಹವಿರುವ ಅಕ್ಷರವನ್ನು ಸಂದೇಹವೆಂದೇ ತೋರಿಸಲಿ, ಓದಲಾಗದ ಕಡೆ ಜಾಗ ಬಿಡಲಿ. ಆ ಬಿಟ್ಟ ಜಾಗವನ್ನು ತುಂಬಲು ಹಳಗನ್ನಡ ಲಿಪಿ ಬಲ್ಲ ವಿದ್ಯಾರ್ಥಿಗಳು ಬೇಕು. ಅವರನ್ನು ತಯಾರಿಸುವ ತರಗತಿಗಳು ಸ್ನಾತಕೋತ್ತರ ವಿಭಾಗಗಳಲ್ಲಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿವೆ.