ಕಾಲುವೆಯ ನೀರೂ ವ್ಯಾಪಾರದ ನೀತಿಯೂ

ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು 19ನೆಯ ಶತಮಾನದಲ್ಲಿಯೇ ‘ಕೃಷಿಜ್ಞಾನ ಪ್ರದೀಪಿಕೆ’ಯನ್ನು ರಚಿಸಿದರು. ವಿರಕ್ತರೊಬ್ಬರಿಗೆ ಒಕ್ಕಲುತನವು ಗ್ರಂಥಕ್ಕೆ ತಕ್ಕ ವಿಷಯವಾಗಿ ತೋರಿತು. ಇಂದಿನ ವಿದ್ಯಾವಂತರಿಗಾದರೋ ಅದು ಕೇವಲ ಯಂತ್ರದ ಮಾತು. ಹವೆಯನ್ನು ತಿಳಿಸಲು ಮೊಬೈಲು, ಔಷಧ ಸಿಂಪಡಿಸಲು ಡ್ರೋನು ಬಂದರೆ ಕೃಷಿವಾಣಿಜ್ಯವು ಸುಸ್ಥಿರವಾಯಿತೆಂದು ಅವರ ಮತ. ಇದನ್ನು ನಾವು ಒಪ್ಪಲಾರೆವು.

ಯಂತ್ರಕ್ಕೆ ನಮ್ಮಲ್ಲಿ ಕೊರತೆಯಿಲ್ಲ. 1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟೇ ಮಹಾಯಂತ್ರವಲ್ಲವೆ? ಅದರ ಎಡದಂಡೆ ಕಾಲುವೆಯನ್ನು ಜೋಳ, ಹತ್ತಿ, ಶೇಂಗಾಗಳಂಥ ಮಿತನೀರಿನ ಬೆಳೆಗಳನ್ನು ಮುಖ್ಯವಾಗಿ ನೆನೆದು ಯೋಜಿಸಿದರು. ಆದರೆ ಸಿಂಧನೂರು, ಗಂಗಾವತಿಗಳ ಬಯಲು ಭತ್ತದ ಕಣಜವಾಯಿತು. ಮೇಲ್ಭಾಗದಲ್ಲಿ ಗದ್ದೆ ತುಂಬಿ ನಿಂತಾಗ ಮಾನವಿ, ರಾಯಚೂರಿನ ಕೆಳಭಾಗದವರು ನೀರಿಗಾಗಿ ಬೀದಿಗಿಳಿಯುತ್ತಾರೆ. ನಿಂತ ನೀರು ಎರೆಯ ಭೂಮಿಯನ್ನು ಸವಳು ಜವಳಾಗಿಸುತ್ತದೆ; ನೆರೆಯವನ ಗದ್ದೆಯ ಬಸಿನೀರು ಹೊಕ್ಕ ಹೊಲದಲ್ಲಿ ಜೋಳ ಬಾರದು, ಅದರ ಒಡೆಯನೂ ಭತ್ತಕ್ಕೇ ಶರಣಾಗಬೇಕು.

ರೈತನನ್ನು ದೂಷಿಸುವುದು ಸುಲಭ. ಆದರೆ ಭತ್ತಕ್ಕೆ ಸಾಲ ಕೊಟ್ಟವರಾರು, ಭತ್ತವನ್ನು ಕೊಳ್ಳುವ ಗಿರಣಿಗಳನ್ನು ಸಾಲುಸಾಲಾಗಿ ನಿಲ್ಲಿಸಿದವರಾರು, ಸೋನಾ ಮಸೂರಿಯೇ ಆಗಬೇಕೆಂದು ಹಟ ಹಿಡಿದ ಮನೆಗಳಾವುವು? ಲಾಭದಲ್ಲಿ ಇವರೆಲ್ಲರೂ ಪಾಲುಗಾರರು. ಸವಳಾದ ಹೊಲವು ಮಾತ್ರ ರೈತನೊಬ್ಬನ ಪಾಲಿಗೆ! ಹಾನಿಯನ್ನು ದುರ್ಬಲನ ತಲೆಗೆ ಕಟ್ಟಿ ಉಳಿಯುವ ವ್ಯಾಪಾರವನ್ನು ಸುಸ್ಥಿರವೆನ್ನುವುದು ಭಾಷೆಗೇ ಮಾಡಿದ ಅಪಚಾರ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನಿಳಿಸಿ ವಾರವೊಂದರಲ್ಲಿ ಅದನ್ನು ಮುಚ್ಚಿದವರ ಸಾಹಸ ಸ್ತುತ್ಯವೇ. ಆದರೆ ಸಾಹಸವು ಪಾಲನೆಗೆ ಪರ್ಯಾಯವಲ್ಲ. 133 ಟಿ.ಎಂ.ಸಿ.ಗೆಂದು ಕಟ್ಟಿದ ಜಲಾಶಯವು ಹೂಳು ತುಂಬಿ ಸುಮಾರು 105ಕ್ಕಿಳಿದಿದೆ. ನೀರು ಕುಗ್ಗಿತು, ಆಸೆ ಕುಗ್ಗಲಿಲ್ಲ. ಒಂದೇ ಬೆಳೆ, ಒಂದೇ ಕಾಲುವೆ, ಒಂದೇ ಪೇಟೆಯನ್ನು ನೆಚ್ಚಿದ ನಾಡು ಒಂದು ಸರಪಳಿ ಹರಿದರೆ ನಡುಗುತ್ತದೆ. ಆಪತ್ತನ್ನು ತಾಳುವ ಶಕ್ತಿಯು ಹಲವು ಬೆಳೆಗಳಲ್ಲಿಯೂ ನ್ಯಾಯವಾದ ಹಂಚಿಕೆಯಲ್ಲಿಯೂ ಇದೆಯೇ ಹೊರತು ಅಂಗಡಿಯಲ್ಲಿ ದೊರೆಯದು.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಪ್ರತಿ ಉಪಕಾಲುವೆಯಲ್ಲಿ ನಿತ್ಯ ಹರಿದ ನೀರಿನ ಲೆಕ್ಕವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ಅಳೆಯುವ ಯಂತ್ರವು ಆಗ ಸಾರ್ಥಕವಾದೀತು. ಭತ್ತದಿಂದ ಬದುಕುವ ಗಿರಣಿಗಳೂ ಸಾಲಸಂಸ್ಥೆಗಳೂ ಬಸಿಗಾಲುವೆಗಳ ವೆಚ್ಚದಲ್ಲಿ ಪಾಲು ಹೊರಬೇಕು. ಜೋಳ ಬೆಳೆದವನಿಗೆ ಊರಿನ ಬಳಿಯಲ್ಲಿಯೇ, ಸಕಾಲದಲ್ಲಿ, ತಕ್ಕ ಬೆಲೆಯ ಖರೀದಿ ಇರಬೇಕು. ಇವು ದುಸ್ಸಾಧ್ಯವೆನ್ನುವವರು ಕೆಳಭಾಗದ ಒಣಗಾಲುವೆಯ ದಂಡೆಯಲ್ಲಿ ನಿಂತು ಆ ಮಾತನ್ನು ಹೇಳಲಿ. ವಾಚಕರೂ ನಾಳೆ ಅಕ್ಕಿಯ ಚೀಲವನ್ನು ಬಿಚ್ಚುವಾಗ ಅದು ಯಾರ ಪಾಲಿನ ನೀರಿನಿಂದ ಬೆಳೆಯಿತೆಂದು ವಿಚಾರಿಸಲಿ.